ಪೋಲೆಂಡಿನ ವಾಯುಪಡೆ ನೆಲದ ಮೇಲೇ ಸುಟ್ಟುಹೋಯಿತೇ?

ಪ್ರಶ್ನೆ: ಸರ್, ಎರಡು ಕಡೆ ಎರಡು ಥರ ಓದಿದೆ. 1939ರ ಸೆಪ್ಟೆಂಬರ್ 1ರಂದು ಹಿಟ್ಲರನ ವಿಮಾನಗಳು ಪೋಲೆಂಡಿನ ವಾಯುಪಡೆಯನ್ನು ನೆಲದ ಮೇಲೇ ಸುಟ್ಟುಹಾಕಿದವು ಅಂತ ಒಂದು ಕಡೆ. ಮರುವರ್ಷ ಬ್ರಿಟನ್ನಿನ ಆಕಾಶದಲ್ಲಿ ಅದೇ ಪೋಲಿಶ್ ಪೈಲಟ್‌ಗಳು ಭರ್ಜರಿಯಾಗಿ ಕಾದಾಡಿದರು ಅಂತ ಇನ್ನೊಂದು ಕಡೆ. ಸುಟ್ಟುಹೋದ ಪಡೆ ಅಷ್ಟು ಬೇಗ ಎಲ್ಲಿಂದ ಎದ್ದು ಬಂತು? ಅದರ ರಚನೆ ಹೇಗಿತ್ತು, ಈಗ ಹೇಗಿದೆ? ಸ್ವಲ್ಪ ವಿವರವಾಗಿ ಹೇಳ್ತೀರಾ? (ಹಾಸನದಿಂದ ಒಬ್ಬ ಓದುಗರು)

ಉತ್ತರ: ಎರಡನೆಯದು ನಿಜ. ಮೊದಲನೆಯದು ಸುಳ್ಳು. ಆದರೆ ಆ ಸುಳ್ಳು ಎಷ್ಟು ಸಲ ಅಚ್ಚಾಗಿದೆ ಅಂದರೆ, ಒಳ್ಳೊಳ್ಳೆಯ ಪುಸ್ತಕಗಳಲ್ಲೂ ಕೂತುಬಿಟ್ಟಿದೆ. ಹಾಗಾಗಿ ನಿಮ್ಮ ಗೊಂದಲ ಸಹಜ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಇತಿಹಾಸದ ಮೇಷ್ಟ್ರಲ್ಲ. ನಮ್ಮ ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್, ಅಂದರೆ ವಿಮಾನದ ಒಡಲು ರಿಪೇರಿ ಮಾಡುವವನು, ಆಗಿದ್ದವನು. ಹೈದರಾಬಾದಿನ ಹೊರಗಿನ ಹಕೀಂಪೇಟೆಯಲ್ಲಿದ್ದಾಗ ನನ್ನ ಕೈಗೆ ಬಂದದ್ದು ಇಸ್ಕ್ರಾ ಅನ್ನುವ ತರಬೇತಿ ಜೆಟ್. ಪೋಲಿಶ್ ಭಾಷೆಯಲ್ಲಿ ಇಸ್ಕ್ರಾ ಅಂದರೆ ಕಿಡಿ. 1970ರ ದಶಕದ ನಡುವೆ ಭಾರತ ಪೋಲೆಂಡಿನಿಂದ 50 ಇಸ್ಕ್ರಾಗಳನ್ನು ತರಿಸಿತು, ಆಮೇಲೆ ಇನ್ನೊಂದಿಷ್ಟು ಬಂದವು. 2004ರ ಡಿಸೆಂಬರ್‌ವರೆಗೆ ಹಾರಿದವು. ನೋಡೋಕೆ ವಿಚಿತ್ರ ವಿಮಾನ. ಎಂಜಿನ್ನಿನ ಹೊಗೆಬಾಯಿ ಹೊಟ್ಟೆಯ ಹತ್ತಿರವೇ ಮುಗಿಯುತ್ತದೆ, ಬಾಲ ಮಾತ್ರ ಅದರ ಮೇಲೆ ಸೌಟಿನ ಹಿಡಿಯ ಥರ ಹಿಂದಕ್ಕೆ ಚಾಚಿಕೊಂಡಿರುತ್ತದೆ. ಅದರ ಕೆಳಗೆ ಬಗ್ಗಿ ಕೆಲಸ ಮಾಡುವಾಗ, ಇದನ್ನು ಮಾಡಿದ ಜನ ಯಾರಪ್ಪಾ ಅಂತ ಕುತೂಹಲ ಹುಟ್ಟಿತು. ಅಲ್ಲಿಂದ ಶುರುವಾದ ಓದು ಇನ್ನೂ ನಿಂತಿಲ್ಲ.

ಫಿಟ್ಟರ್ ಆಗಿದ್ದವನ ಕಣ್ಣಿಗೆ ಈ ಇತಿಹಾಸದಲ್ಲಿ ಮೊದಲು ಕಾಣೋದು ಇದು: ವಾಯುಪಡೆ ಅಂದರೆ ವಿಮಾನ ಅಂದುಕೊಂಡರೆ ಪೋಲೆಂಡಿನ ಕಥೆ ತಲೆಗೆ ಹತ್ತಲ್ಲ. ಅವರು ಹಾರಿಸಿದ ವಿಮಾನಗಳಲ್ಲಿ ಹೆಚ್ಚಿನವು ಬೇರೆಯವರವು. ಜರ್ಮನಿಯವು, ಆಸ್ಟ್ರಿಯಾದವು, ಫ್ರಾನ್ಸಿನವು, ಬ್ರಿಟನ್ನಿನವು, ರಷ್ಯಾದವು, ಈಗ ಅಮೆರಿಕ ಮತ್ತು ಕೊರಿಯಾದವು. ತಮ್ಮದು ಅಂತ ಉಳಿಸಿಕೊಂಡದ್ದು ಜನ, ಶಾಲೆ, ಸ್ಕ್ವಾಡ್ರನ್ನುಗಳ (ಹಾರಾಟದ ತುಕಡಿಗಳ) ಲಾಂಛನ, ಮತ್ತೆ ರೆಕ್ಕೆಯ ಮೇಲಿನ ಕೆಂಪು-ಬಿಳಿ ಚೌಕಳಿ.

ಆ ಚೌಕಳಿಯಿಂದಲೇ ಶುರು ಮಾಡೋಣ. ನಾಲ್ಕು ಮನೆ, ಎರಡು ಕೆಂಪು, ಎರಡು ಬಿಳಿ. ಪೋಲಿಶರು ಅದನ್ನು ಶಾಹೋವ್ನಿತ್ಸಾ, ಅಂದರೆ ಚದುರಂಗದ ಹಾಸು, ಅಂತ ಕರೆಯುತ್ತಾರೆ. 123 ವರ್ಷ ಭೂಪಟದಲ್ಲೇ ಇಲ್ಲದ ದೇಶ 1918ರ ನವೆಂಬರಿನಲ್ಲಿ ಮತ್ತೆ ತಲೆಯೆತ್ತಿತು. ಆಗ ಲ್ವುಫ್ ನಗರಕ್ಕಾಗಿ (ಇಂದಿನ ಉಕ್ರೇನಿನ ಲ್ವಿವ್) ಪೋಲಿಶರಿಗೂ ಉಕ್ರೇನಿಯನ್ನರಿಗೂ ಜಗಳ ನಡೆದಿತ್ತು. ನವೆಂಬರ್ 5ರಂದು ಸ್ಟೆಫಾನ್ ಬಾಸ್ಟಿರ್ ಮತ್ತು ಯಾನುಶ್ ದ ಬೋರೆನ್ ಅನ್ನುವ ಇಬ್ಬರು ಆಸ್ಟ್ರಿಯನ್ನರು ಬಿಟ್ಟುಹೋದ ಒಂದು ವಿಮಾನ ಹತ್ತಿ ಬಾಂಬು ಹಾಕಿ ಬಂದರು. ಗಮನಿಸಿ, ದೇಶದ ಸ್ವಾತಂತ್ರ್ಯದ ದಿನ ಅಂತ ಆಚರಿಸೋದು ನವೆಂಬರ್ 11. ಅಂದರೆ ದೇಶಕ್ಕಿಂತ ಆರು ದಿನ ಮೊದಲೇ ಅದರ ವಾಯುಪಡೆ ಹಾರಿತ್ತು! ಅದೇ ಲ್ವುಫ್‌ನಲ್ಲಿ ಸ್ಟೆಫಾನ್ ಸ್ಟೆಟ್ಸ್ ಅನ್ನುವ ಪೈಲಟ್ ತನ್ನ ಫೋಕರ್ ವಿಮಾನಕ್ಕೆ ಸ್ವಂತ ಗುರುತು ಅಂತ ಕೆಂಪು-ಬಿಳಿ ಚೌಕಳಿ ಬಳಿದುಕೊಂಡಿದ್ದ. ವರದಿ ತೆಗೆದುಕೊಂಡು ಅದರಲ್ಲೇ ವಾರ್ಸಾಗೆ ಹಾರಿದ. ಅಲ್ಲಿನವರಿಗೆ ಹಿಡಿಸಿತು. ಡಿಸೆಂಬರ್ 1ರಂದು ಅದೇ ಇಡೀ ವಾಯುಪಡೆಯ ಗುರುತಾಯಿತು. ಒಬ್ಬ ಪೈಲಟ್‌ನ ಶೋಕಿ ದೇಶದ ಮುದ್ರೆಯಾದದ್ದು ಹೀಗೆ.

ವಿಮಾನ ಎಲ್ಲಿಂದ? ಸಿಕ್ಕಲ್ಲಿಂದ. 1919ರ ಜನವರಿ 6ರಂದು ಪೋಜ್ನಾನಿನ ದಂಗೆಕೋರರು ಜರ್ಮನ್ನರ ವಾವಿತ್ಸಾ ಏರ್‌ಫೀಲ್ಡಿಗೆ ನುಗ್ಗಿ ಕಿತ್ತುಕೊಂಡರು. ಆ ಊರಿನಲ್ಲಿ ಜೆಪ್ಲಿನ್ ಅನ್ನುವ ಗಾಳಿಹಡಗುಗಳಿಗೆ ಕಟ್ಟಿದ್ದ ಶೆಡ್‌ನಲ್ಲೂ ರಾಶಿ ರಾಶಿ ವಿಮಾನಗಳು, ಬಿಡಿಭಾಗಗಳು ಸಿಕ್ಕವು. ಅದೇ ವರ್ಷ ಫ್ರಾನ್ಸಿನಿಂದ ಜನರಲ್ ಹಾಲರ್‌ನ ಸೇನೆ ತನ್ನ ವಿಮಾನಗಳ ಸಮೇತ ಬಂತು. ಹಾಗಾಗಿ 1920ರಲ್ಲಿ ಸೋವಿಯತ್ ಸೇನೆಯ ಮೇಲೆ ಯುದ್ಧ ನಡೆದಾಗ ಪೋಲಿಶ್ ವಿಮಾನಗಳ ಸಾಲು ನೋಡಿದರೆ ಸಂತೆಯ ಹಾಗಿತ್ತು. ಒಂದರ ಬೋಲ್ಟ್ ಇನ್ನೊಂದಕ್ಕೆ ಆಗಲ್ಲ. ಆ ಕಾಲದ ಮೆಕ್ಯಾನಿಕ್‌ಗಳ ಮೇಲೆ ನನಗೆ ಪೈಲಟ್‌ಗಳಿಗಿಂತ ಜಾಸ್ತಿ ಮರುಕ.

ಆ ಯುದ್ಧದಲ್ಲಿ ಒಂದು ಸ್ಕ್ವಾಡ್ರನ್ ಬಹುತೇಕ ಅಮೆರಿಕನ್ ಸ್ವಯಂಸೇವಕರದು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಪೋಲೆಂಡಿನ ಕೊಶ್ಚುಷ್ಕೊ ಅನ್ನುವ ಸೇನಾನಿ ಹೋರಾಡಿದ್ದನಲ್ಲ, ಆ ಋಣಕ್ಕೆ ಅಂತ ಮೇರಿಯನ್ ಕೂಪರ್ ಮತ್ತು ಸೆಡ್ರಿಕ್ ಫಾಂಟ್‌ಲರಾಯ್ ಕಟ್ಟಿದ ಪಡೆ ಇದು. ಹೆಸರೂ ಕೊಶ್ಚುಷ್ಕೊ ಸ್ಕ್ವಾಡ್ರನ್. ಕೂಪರ್‌ನ ವಿಮಾನ ಉರುಳಿತು, ಸೋವಿಯತ್ ಸೆರೆ ಸಿಕ್ಕ, ತಪ್ಪಿಸಿಕೊಂಡು ಬಂದ. ಆಮೇಲೆ ಹಾಲಿವುಡ್‌ಗೆ ಹೋಗಿ 1933ರಲ್ಲಿ 'ಕಿಂಗ್ ಕಾಂಗ್' ಸಿನಿಮಾ ಮಾಡಿದವನು ಇವನೇ. ಈ ಸ್ಕ್ವಾಡ್ರನ್ನಿನ ಲಾಂಛನವನ್ನು ನೆನಪಿಟ್ಟುಕೊಳ್ಳಿ. ಅಮೆರಿಕದ ಬಾವುಟದ ಪಟ್ಟಿ-ನಕ್ಷತ್ರಗಳ ಮೇಲೆ ಒಂದು ರೈತ ಟೋಪಿ, ಅಡ್ಡಡ್ಡ ಇಟ್ಟ ಎರಡು ಕುಡುಗೋಲು. ಮುಂದೆ ಎರಡು ಸಲ ಬರುತ್ತದೆ.

ಈಗ ರಚನೆಯ ವಿಷಯ. ಯುದ್ಧ ಮುಗಿದ ಮೇಲೆ ಪೋಲಿಶರು ಫ್ರೆಂಚ್ ಮಾದರಿ ಹಿಡಿದರು. ಅತಿ ಚಿಕ್ಕ ಘಟಕ ಎಸ್ಕಾದ್ರಾ, ಫೈಟರ್‌ಗಳಾದರೆ ಹತ್ತರಷ್ಟು ವಿಮಾನ. ಎರಡು ಎಸ್ಕಾದ್ರಾ ಸೇರಿದರೆ ಒಂದು ದಿವಿಜ್ಯೋನ್. ಅವೆಲ್ಲ ಸೇರಿ ರೆಜಿಮೆಂಟ್. ಆರು ರೆಜಿಮೆಂಟುಗಳು ಆರು ಊರಲ್ಲಿ ಇದ್ದವು: ವಾರ್ಸಾ, ಕ್ರಾಕುಫ್, ಪೋಜ್ನಾನ್, ತೋರುನ್, ಲಿಡಾ, ಲ್ವುಫ್. ಒಂದು ಎಚ್ಚರಿಕೆ: ಆಮೇಲೆ ಬ್ರಿಟನ್ನಿನಲ್ಲಿ ಅವರು ಅಲ್ಲಿನ ಸ್ಕ್ವಾಡ್ರನ್ ಪದಕ್ಕೆ ದಿವಿಜ್ಯೋನ್ ಅಂತಲೇ ಬಳಸಿದರು. ಅದಕ್ಕೇ ಪೋಲಿಶ್ ಪುಸ್ತಕ ಓದುವವರಿಗೆ 303 'ದಿವಿಜ್ಯೋನ್' ಅಂತ ಸಿಗುತ್ತದೆ. ಅದು ಡಿವಿಷನ್ ಅಲ್ಲ. ನಾನೂ ಶುರುವಿನಲ್ಲಿ ಎಡವಿದ್ದೆ.

ರಚನೆಗಿಂತ ಮುಖ್ಯ ಆದದ್ದು ಶಾಲೆ. ವಿಸ್ತುಲಾ ನದಿಯ ದಡದ ಡೆಂಬ್ಲಿನ್ ಅನ್ನುವ ಸಣ್ಣ ಊರಿಗೆ 1927ರಲ್ಲಿ ವಾಯುಪಡೆಯ ಅಧಿಕಾರಿಗಳ ಶಾಲೆ ಬಂತು. ಜನ ಅದನ್ನು 'ಹದ್ದಿನ ಮರಿಗಳ ಶಾಲೆ' ಅಂತಾರೆ. ಅಲ್ಲಿ ಸೀಟು ಸಿಗೋದು ಕಷ್ಟ, ಸಿಕ್ಕ ಮೇಲೆ ಉಳಿಯೋದು ಇನ್ನೂ ಕಷ್ಟ. ರೇಡಿಯೊ ಅಪರೂಪವಾದ, ರಾಡಾರ್ ಇಲ್ಲದ ಪಡೆ. ಹಾಗಾಗಿ ಕಣ್ಣಿನಿಂದ ಆಕಾಶ ಜಾಲಾಡೋದನ್ನು, ಶತ್ರುವಿಗೆ ತೀರಾ ಹತ್ತಿರ ಹೋಗಿ ಗುಂಡು ಹಾರಿಸೋದನ್ನು ಉರು ಹೊಡೆಸುತ್ತಿದ್ದರು. ಬಡತನ ಕಲಿಸಿದ ವಿದ್ಯೆ ಅದು. ಮುಂದೆ ಅದೇ ಕೈಹಿಡಿಯಿತು.

ವಿಮಾನದ ಕೈಗಾರಿಕೆಯೂ ಚೆನ್ನಾಗಿಯೇ ಶುರುವಾಯಿತು. 1928ರಲ್ಲಿ ಸರ್ಕಾರಿ ಕಾರ್ಖಾನೆ ಪಿಜೆಡ್‌ಎಲ್ ಹುಟ್ಟಿತು. ಜಿಗ್ಮುಂತ್ ಪುವಾಫ್ಸ್ಕಿ ಅನ್ನುವ ಹುಡುಗ ಎಂಜಿನಿಯರ್ ಹೊಸ ಥರದ ರೆಕ್ಕೆ ಕಂಡುಹಿಡಿದ. ಒಡಲಿನ ಹತ್ತಿರ ಬರುತ್ತಾ ರೆಕ್ಕೆ ತೆಳ್ಳಗಾಗಿ ಕೆಳಕ್ಕೆ ಬಾಗುತ್ತದೆ, ಕಡಲಹಕ್ಕಿಯ ರೆಕ್ಕೆ ಥರ. ಪೈಲಟ್‌ಗೆ ಮುಂದೆ, ಮೇಲೆ ಎರಡೂ ಕಡೆ ನೋಟ ಅಡ್ಡಿಯಿಲ್ಲ. 1929ರಲ್ಲಿ ಅದು ಹಾರಿದಾಗ ಯುರೋಪು ತಿರುಗಿ ನೋಡಿತು. ಪುವಾಫ್ಸ್ಕಿ 1931ರಲ್ಲಿ ತನ್ನದೇ ಇನ್ನೊಂದು ವಿಮಾನ ಪರೀಕ್ಷಿಸುವಾಗ ಬಿದ್ದು ಸತ್ತ. ಇನ್ನೂ ಮೂವತ್ತು ತುಂಬಿರಲಿಲ್ಲ. ಅವನ ರೆಕ್ಕೆಯ ಪಿ-7, ಪಿ-11 ಫೈಟರ್‌ಗಳು ಬಂದಾಗ ಅವು ಪ್ರಪಂಚದ ಮುಂಚೂಣಿಯಲ್ಲಿದ್ದವು. ಎಡವಟ್ಟಾದದ್ದು ಆಮೇಲೆ. 1930ರ ದಶಕದಲ್ಲಿ ವಿಮಾನಗಳು ಓಡಿದ ಓಟಕ್ಕೆ ಐದು ವರ್ಷ ಅಂದರೆ ಒಂದು ಯುಗ. ಪಿ-11ರ ಸುಧಾರಿತ ರೂಪ ಪಿ-24 ಅನ್ನು ಗ್ರೀಸ್, ಟರ್ಕಿ, ಬಲ್ಗೇರಿಯಾ, ರೊಮೇನಿಯಾಗಳಿಗೆ ಮಾರಿದರು. ತಾವು ಮಾತ್ರ ಹಳೆಯದರಲ್ಲೇ ಉಳಿದರು. ದುಡ್ಡು ಕಡಿಮೆ. ಇದ್ದ ದುಡ್ಡಿನಲ್ಲಿ ದೊಡ್ಡ ಪಾಲು ವೋಶ್ ಅನ್ನುವ ಚೆಂದದ ಬಾಂಬರ್‌ಗೆ ಹೋಯಿತು. ಹೊಸ ಫೈಟರ್ 'ಯಾಸ್ಟ್‌ಶೊಂಪ್', ಅಂದರೆ ಗಿಡುಗ, 1939ರಲ್ಲಿ ಇನ್ನೂ ಪರೀಕ್ಷೆಯ ಹಂತದಲ್ಲೇ ಇತ್ತು. ಮದುವೆಯ ದಿನ ಬಂದರೂ ಸೀರೆಗೆ ಅಂಚು ಹಾಕುತ್ತಾ ಕೂತ ಹಾಗಾಯಿತು.

ಈಗ ನಿಮ್ಮ ಪ್ರಶ್ನೆಯ ಬುಡಕ್ಕೆ ಬಂದೆ. 1939ರ ಆಗಸ್ಟ್ ಕೊನೆಯ ದಿನಗಳಲ್ಲಿ ಪೋಲಿಶ್ ಯುದ್ಧ ವಿಮಾನಗಳನ್ನು ಕಾಯಂ ಏರ್‌ಫೀಲ್ಡುಗಳಿಂದ ತೆಗೆದು, ಹೊಲದ ಪಕ್ಕ, ಕಾಡಿನ ಅಂಚು ಅಂತ ಗುಟ್ಟಿನ ಜಾಗಗಳಿಗೆ ಸಾಗಿಸಿದ್ದರು. ಸೆಪ್ಟೆಂಬರ್ 1ರ ಬೆಳಗ್ಗೆ ಜರ್ಮನ್ನರು ಕ್ರಾಕುಫ್‌ನ ರಾಕೊವಿಟ್ಸೆಯಂಥ ದೊಡ್ಡ ಏರ್‌ಫೀಲ್ಡುಗಳಿಗೆ ಚೆನ್ನಾಗಿಯೇ ಬಾಂಬು ಸುರಿದರು. ಸುಟ್ಟದ್ದು ಬಹುಪಾಲು ತರಬೇತಿಯ ವಿಮಾನಗಳು, ರಿಪೇರಿಗೆ ನಿಲ್ಲಿಸಿದವು, ಖಾಲಿ ಹ್ಯಾಂಗರ್‌ಗಳು. ಆ ಫೋಟೊಗಳೇ ಪ್ರಚಾರಕ್ಕೆ ಸಾಕಾದವು. 'ನೆಲದ ಮೇಲೇ ಮುಗಿಸಿದೆವು' ಅನ್ನೋ ಮಾತು ಅಲ್ಲಿಂದ ಹಬ್ಬಿತು.

ಅದೇ ಬೆಳಗ್ಗೆ ಕ್ರಾಕುಫ್ ಹತ್ತಿರ ಗುಟ್ಟಿನ ಏರ್‌ಫೀಲ್ಡಿನಿಂದ ಎದ್ದ ಕ್ಯಾಪ್ಟನ್ ಮೆಚಿಸ್ವಾಫ್ ಮೆದ್ವೆಟ್‌ಸ್ಕಿ ಹೊಡೆತ ತಿಂದು ಸತ್ತ. ಎರಡನೇ ಮಹಾಯುದ್ಧದ ಆಕಾಶದಲ್ಲಿ ಮಿತ್ರಪಕ್ಷ ಕಳೆದುಕೊಂಡ ಮೊದಲ ಪೈಲಟ್ ಅವನು. ಅವನ ಜೊತೆ ಎದ್ದ ವ್ವಾದಿಸ್ವಾಫ್ ಗ್ನಿಶ್ ಸ್ವಲ್ಪ ಹೊತ್ತಿನಲ್ಲೇ ಜರ್ಮನ್ ಡೋರ್ನಿಯರ್ ಬಾಂಬರ್‌ಗಳ ಮೇಲೆ ಬಿದ್ದ. ಜುರಾದಾ ಅನ್ನುವ ಹಳ್ಳಿಯಲ್ಲಿ ಎರಡು ಡೋರ್ನಿಯರ್‌ಗಳ ಅವಶೇಷ ಸಿಕ್ಕಿತು. ಮಿತ್ರಪಕ್ಷದ ಮೊದಲ ಬೇಟೆ ಅಂತ ಅದನ್ನೇ ಎಣಿಸುತ್ತಾರೆ. ಅತ್ತ ವಾರ್ಸಾ ಮೇಲೆ ಬಂದ ದೊಡ್ಡ ದಾಳಿಯನ್ನು ಅಲ್ಲಿನ ಫೈಟರ್ ಬ್ರಿಗೇಡ್ ಚದುರಿಸಿತು.

ಹಾಗಾದರೆ ಸೋತದ್ದು ಯಾಕೆ? ಒಂದು, ಸಂಖ್ಯೆ. ಮುಂಚೂಣಿಯಲ್ಲಿ ಪೋಲಿಶ್ ವಿಮಾನ 400ರಷ್ಟು. ಜರ್ಮನ್ನರದು ಅದರ ಮೂರು-ನಾಲ್ಕು ಪಟ್ಟು. ಎರಡು, ವೇಗ. ಪಿ-11 ಓಡೋದು ಗಂಟೆಗೆ 390 ಕಿ.ಮೀ. ಒಳಗೆ. ಜರ್ಮನ್ನರ ಹೊಸ ಫೈಟರ್ ಮೆಸ್ಸರ್‌ಸ್ಮಿಟ್ ಗಂಟೆಗೆ 550 ಕಿ.ಮೀ. ದಾಟುತ್ತದೆ. ಎಷ್ಟೋ ಸಲ ಪಿ-11 ಪೈಲಟ್‌ಗಳಿಗೆ ಜರ್ಮನ್ ಬಾಂಬರ್‌ಗಳನ್ನೇ ಬೆನ್ನಟ್ಟಿ ಹಿಡಿಯೋಕೆ ಆಗುತ್ತಿರಲಿಲ್ಲ. ಮೂರನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು: ಪಡೆಯನ್ನು ಹಂಚಿದ ರೀತಿ. ಯುದ್ಧ ಬಂತು ಅಂದ ಕೂಡಲೇ ರೆಜಿಮೆಂಟುಗಳನ್ನು ಒಡೆದರು. ಸೇನಾಪತಿಯ ಕೈಯಲ್ಲಿ ನೇರವಾಗಿ ಉಳಿದದ್ದು ಎರಡೇ ಬ್ರಿಗೇಡ್. ಒಂದು, ವಾರ್ಸಾ ಕಾಯುವ ಫೈಟರ್ ಬ್ರಿಗೇಡ್, ಐವತ್ತು ಚಿಲ್ಲರೆ ವಿಮಾನ. ಇನ್ನೊಂದು ಬಾಂಬರ್ ಬ್ರಿಗೇಡ್. ಉಳಿದ ಎಸ್ಕಾದ್ರಾಗಳನ್ನು ಭೂಸೇನೆಯ ಬೇರೆ ಬೇರೆ ಆರ್ಮಿಗಳಿಗೆ ಪ್ರಸಾದದ ಹಾಗೆ ಹಂಚಿಬಿಟ್ಟರು. ಎಲ್ಲರಿಗೂ ಒಂದೊಂದು ಚಿಟಿಕೆ, ಯಾರಿಗೂ ಹೊಟ್ಟೆ ತುಂಬಲ್ಲ. ಫೋನ್ ತಂತಿ ಕಡಿದುಹೋದ ಮೇಲೆ ಯಾರು ಎಲ್ಲಿದ್ದಾರೆ ಅಂತಲೇ ತಿಳಿಯಲಿಲ್ಲ. ಪೆಟ್ರೋಲು ಒಂದು ಕಡೆ, ವಿಮಾನ ಇನ್ನೊಂದು ಕಡೆ.

ಅಷ್ಟಾದರೂ ಎರಡು ವಾರಕ್ಕೂ ಮೀರಿ ಹಾರಿದರು. ಜರ್ಮನ್ನರು ಪೋಲೆಂಡಿನಲ್ಲಿ ಎಲ್ಲ ಕಾರಣಗಳೂ ಸೇರಿ 280ರ ಆಸುಪಾಸು ವಿಮಾನ ಕಳೆದುಕೊಂಡರು. ನೆಲದ ಮೇಲೆ ಸುಟ್ಟ ಪಡೆಯಿಂದ ಅದು ಆಗುವ ಕೆಲಸ ಅಲ್ಲ. ಸೆಪ್ಟೆಂಬರ್ 17ರಂದು ಪೂರ್ವದಿಂದ ಸೋವಿಯತ್ ಸೇನೆಯೂ ನುಗ್ಗಿತು. ಹಾರುವ ಸ್ಥಿತಿಯಲ್ಲಿದ್ದ ವಿಮಾನಗಳು ರೊಮೇನಿಯಾಗೆ ಹಾರಿದವು. ಪೈಲಟ್‌ಗಳು, ಮೆಕ್ಯಾನಿಕ್‌ಗಳು, ಡೆಂಬ್ಲಿನ್‌ನ ಹುಡುಗರು ಬಸ್ಸು, ಲಾರಿ, ಕಾಲ್ನಡಿಗೆಯಲ್ಲಿ ಗಡಿ ದಾಟಿದರು.

ನಿಮ್ಮ 'ಎಲ್ಲಿಂದ ಎದ್ದು ಬಂತು' ಅನ್ನೋದಕ್ಕೆ ಉತ್ತರ ಈ ಗಡಿ ದಾಟಿದ ಜನ. ರೊಮೇನಿಯಾದಲ್ಲಿ ಅವರನ್ನು ಶಿಬಿರಗಳಲ್ಲಿ ಇಟ್ಟರು. ಕಾವಲು ಅಷ್ಟಕ್ಕಷ್ಟೇ. ನಕಲಿ ಪಾಸ್‌ಪೋರ್ಟ್, ಸ್ವಲ್ಪ ಲಂಚ, ಬಾಲ್ಚಿಕ್ ಬಂದರಿನಲ್ಲಿ ಒಂದು ಹಡಗು, ಬೈರೂತ್, ಅಲ್ಲಿಂದ ಫ್ರಾನ್ಸ್. 1940ರ ಜೂನ್‌ನಲ್ಲಿ ಫ್ರಾನ್ಸೂ ಬಿತ್ತು. ಮತ್ತೆ ಗಂಟುಮೂಟೆ. ಹೀಗೆ ಬ್ರಿಟನ್ ಸೇರಿದವರು ಎಂಟು ಸಾವಿರಕ್ಕೂ ಜಾಸ್ತಿ. ಅವರಲ್ಲಿ ಪೈಲಟ್‌ಗಳು ಸಣ್ಣ ಪಾಲು. ಉಳಿದವರು ಎಂಜಿನ್ ಫಿಟ್ಟರ್, ಆರ್ಮರರ್ (ಬಂದೂಕು-ಬಾಂಬು ನೋಡಿಕೊಳ್ಳುವವರು), ಅಡುಗೆಯವರು, ಗುಮಾಸ್ತರು. ಒಂದು ವಾಯುಪಡೆಯ ಇಡೀ ಅಸ್ಥಿಪಂಜರ ಮೂರು ದೇಶ ದಾಟಿ ಬಂದಿತ್ತು. ವಿಮಾನ ಒಂದನ್ನು ಬಿಟ್ಟು ಎಲ್ಲವೂ ಇತ್ತು.

ಬ್ರಿಟಿಷರಿಗೆ ಮೊದಲು ಇವರ ಮೇಲೆ ನಂಬಿಕೆ ಇರಲಿಲ್ಲ. ಹದಿನೆಂಟು ದಿನದಲ್ಲಿ ಸೋತವರು ಅನ್ನೋ ಭಾವ. ಮೊದಲು ಬಂದವರನ್ನು ತಮ್ಮ ಮೀಸಲು ಪಡೆಗೆ ಸೇರಿಸಿಕೊಂಡು ರಾಜನ ಹೆಸರಲ್ಲಿ ಪ್ರಮಾಣ ಮಾಡಿಸಿದರು. 1940ರ ಆಗಸ್ಟ್ 5ರ ಒಪ್ಪಂದದಿಂದ ಅದು ಬದಲಾಯಿತು. ಪೋಲಿಶ್ ವಾಯುಪಡೆ ಸ್ವತಂತ್ರ ದೇಶದ ಸ್ವತಂತ್ರ ಪಡೆ. ಯುದ್ಧದ ಆದೇಶ ಮಾತ್ರ ರಾಯಲ್ ಏರ್ ಫೋರ್ಸಿನದು. ಸಮವಸ್ತ್ರ ಬ್ರಿಟಿಷರ ನೀಲಿ, ಟೋಪಿಯ ಮೇಲೆ ಪೋಲಿಶ್ ಹದ್ದು. ಎದೆಯ ಮೇಲೆ ಬೆಳ್ಳಿಯ ಹದ್ದು, ಕೊಕ್ಕಿನಲ್ಲಿ ಎಲೆಗಳ ಹಾರ, ಸಣ್ಣ ಸರಪಣಿಯಲ್ಲಿ ನೇತಾಡುತ್ತದೆ. ಅದು ಪೋಲಿಶ್ ಪೈಲಟ್‌ನ ಬ್ಯಾಡ್ಜು. ಪೈಲಟ್‌ಗಳೇ ತಮಾಷೆಗೆ ಅದನ್ನು 'ಗಾಪಾ', ಕಾಗೆ, ಅಂತ ಕರೆದುಕೊಂಡರು.

ಸ್ಕ್ವಾಡ್ರನ್ನುಗಳಿಗೆ 300ರ ಸರಣಿಯ ನಂಬರು ಸಿಕ್ಕಿತು. ಯುದ್ಧ ಮುಗಿಯುವಷ್ಟರಲ್ಲಿ 300ರಿಂದ 309, ಮತ್ತೆ 315ರಿಂದ 318; ಜೊತೆಗೆ ತೋಪುಗಳಿಗೆ ಗುರಿ ತೋರಿಸುವ 663. ಬಾಂಬರ್, ಫೈಟರ್, ರಾತ್ರಿ ಫೈಟರ್, ಕರಾವಳಿ ಕಾವಲು, ಎಲ್ಲವೂ ಇತ್ತು. ಊರಿನ ಹೆಸರನ್ನೂ ಜೊತೆಗೆ ಹೊತ್ತು ತಂದರು. 302 ಪೋಜ್ನಾನಿನದು. ರಾತ್ರಿ ಹಾರುವ 307 ಲ್ವುಫ್‌ನ ಗೂಬೆಗಳದು. 303 ವಾರ್ಸಾದ್ದು, ಲಾಂಛನ ಅದೇ ರೈತ ಟೋಪಿ, ಕುಡುಗೋಲು. ಅಮೆರಿಕನ್ನರ ಸ್ಕ್ವಾಡ್ರನ್ ವಾರ್ಸಾದ 111ನೇ ಎಸ್ಕಾದ್ರಾ ಆಗಿ, ಅಲ್ಲಿಂದ 303ಕ್ಕೆ ಇಳಿದು ಬಂದಿತ್ತು.

303ರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಲೇಬೇಕು. ಲಂಡನ್ ಪಕ್ಕದ ನಾರ್ತೊಲ್ಟ್‌ನಲ್ಲಿ 1940ರ ಆಗಸ್ಟ್ ಮೊದಲ ವಾರ ಹುಟ್ಟಿದ ಸ್ಕ್ವಾಡ್ರನ್ ಇದು. ವಿಮಾನ ಬ್ರಿಟಿಷರ ಹರಿಕೇನ್ ಫೈಟರ್. ಪೈಲಟ್‌ಗಳು ಹಳಬರು, ಆದರೆ ಎಲ್ಲವೂ ಉಲ್ಟಾ. ಅವರಿಗೆ ರೂಢಿಯಾಗಿದ್ದ ವಿಮಾನಗಳಲ್ಲಿ ಶಕ್ತಿ ಹೆಚ್ಚಿಸಲು ಥ್ರಾಟಲ್ ಹಿಂದಕ್ಕೆ ಎಳೆಯಬೇಕು, ಇಲ್ಲಿ ಮುಂದಕ್ಕೆ ನೂಕಬೇಕು. ಅಲ್ಲಿ ಚಕ್ರ ಯಾವಾಗಲೂ ಕೆಳಗೇ, ಇಲ್ಲಿ ಮಡಚಬೇಕು, ಇಳಿಯುವಾಗ ನೆನಪಿಟ್ಟು ಬಿಡಿಸಬೇಕು. ಕಿಲೋಮೀಟರ್ ಹೋಗಿ ಮೈಲಿ, ಮೀಟರ್ ಹೋಗಿ ಅಡಿ. ಇಂಗ್ಲಿಷ್ ಯಾರಿಗೂ ಸರಿಯಾಗಿ ಬರಲ್ಲ. ರೇಡಿಯೊ ಆದೇಶ ಕಲಿಸಲು ಈ ಅನುಭವಸ್ಥ ಪೈಲಟ್‌ಗಳನ್ನು ಮೂರು ಚಕ್ರದ ಸೈಕಲ್ ಮೇಲೆ ಕೂರಿಸಿ, ರೇಡಿಯೊ, ದಿಕ್ಸೂಚಿ ಕೊಟ್ಟು, ಮೈದಾನದಲ್ಲಿ ಸಾಲಾಗಿ ಓಡಿಸಿದರು. ಎಷ್ಟು ಉರಿದಿರಬೇಕು ಅಲ್ವಾ? ಅವರ ಕೆನಡಿಯನ್ ಫ್ಲೈಟ್ ಕಮಾಂಡರ್ ಜಾನ್ ಕೆಂಟ್ ಇನ್ನೊಂದು ಕಡೆಯಿಂದ ಬಂದ. ಪೋಲಿಶ್ ಪದಗಳನ್ನು ಕೇಳಿದ ಹಾಗೇ ಪ್ಯಾಂಟಿನ ಮಂಡಿಯ ಮೇಲೆ ಬರೆದುಕೊಂಡು ಹಾರುತ್ತಿದ್ದ.

ಆಗಸ್ಟ್ 30ರಂದು ತರಬೇತಿ ಹಾರಾಟದಲ್ಲಿದ್ದಾಗ ಲುದ್ವಿಕ್ ಪಾಶ್ಕೆವಿಚ್‌ಗೆ ಜರ್ಮನ್ ವಿಮಾನ ಕಂಡಿತು. ರೇಡಿಯೊದಲ್ಲಿ ಹೇಳಿದ, ಉತ್ತರ ಬರಲಿಲ್ಲ. ಸಾಲು ಬಿಟ್ಟು ಹೋಗಿ ಹೊಡೆದು ಉರುಳಿಸಿದ. ಬ್ರಿಟಿಷ್ ಕಮಾಂಡರ್ ರೊನಾಲ್ಡ್ ಕೆಲೆಟ್ ಶಿಸ್ತು ಮುರಿದದ್ದಕ್ಕೆ ಬೈದ. ಬೈದು ಮುಗಿಸಿ ಅಭಿನಂದಿಸಿದ. ಮರುದಿನವೇ ಸ್ಕ್ವಾಡ್ರನ್ ಯುದ್ಧಕ್ಕೆ ಸಿದ್ಧ ಅಂತ ಘೋಷಣೆಯಾಯಿತು. ಮುಂದಿನ ಆರು ವಾರದಲ್ಲಿ 126 ವಿಮಾನ ಉರುಳಿಸಿದೆವು ಅಂತ ಅವರ ಲೆಕ್ಕ. ಹರಿಕೇನ್ ಹಾರಿಸಿದ ಯಾವ ಸ್ಕ್ವಾಡ್ರನ್ನಿನ ಲೆಕ್ಕವೂ ಇದಕ್ಕಿಂತ ದೊಡ್ಡದಲ್ಲ. ಜರ್ಮನ್ ದಾಖಲೆಗಳ ಜೊತೆ ಹೋಲಿಸಿದ ಮೇಲೆ ಈ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಗಾಬರಿ ಬೇಡ, ಬ್ರಿಟನ್ ಕದನದಲ್ಲಿ, ಅಂದರೆ 1940ರಲ್ಲಿ ಜರ್ಮನ್ ವಿಮಾನಗಳು ಬ್ರಿಟನ್ ಮೇಲೆ ಬಿದ್ದಾಗ ಆಕಾಶದಲ್ಲಿ ನಡೆದ ಯುದ್ಧದಲ್ಲಿ, ಎಲ್ಲರ ಲೆಕ್ಕವೂ ಹೀಗೇ ಉಬ್ಬಿತ್ತು. ಒಂದೇ ವಿಮಾನಕ್ಕೆ ಮೂವರು ಗುಂಡು ಹೊಡೆದು ಮೂವರೂ 'ನಂದು' ಅನ್ನೋದು ಸಾಮಾನ್ಯ. ಇಳಿಸಿ ನೋಡಿದರೂ 303 ಮೇಲಿನ ಸಾಲಿನಲ್ಲೇ ಇರುತ್ತದೆ. ಅದರಲ್ಲಿ ಅತಿ ಹೆಚ್ಚು, 17, ಹೊಡೆದವನು ಪೋಲಿಶನೇ ಅಲ್ಲ. ಯೋಸೆಫ್ ಫ್ರಾಂತಿಶೆಕ್ ಅನ್ನುವ ಚೆಕ್ ಹುಡುಗ. ಅಕ್ಟೋಬರ್ 8ರಂದು ಬಿದ್ದು ಸತ್ತ. ಬ್ರಿಟನ್ ಕದನದಲ್ಲಿ ಹಾರಿದ ಪೋಲಿಶ್ ಪೈಲಟ್‌ಗಳು 145. ಸತ್ತವರು ಮೂವತ್ತರ ಹತ್ತಿರ.

ಅವರ ಗೆಲುವಿಗೆ ಎಲ್ಲರೂ ಹೇಳುವ ಕಾರಣ ಸೇಡು. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಸೇಡಿನಿಂದ ಗುರಿ ಸರಿಹೋಗಲ್ಲ. ಬ್ರಿಟಿಷ್ ಹುಡುಗರಲ್ಲಿ ಎಷ್ಟೋ ಜನ ಹರಿಕೇನಿನಲ್ಲಿ ಬೆರಳೆಣಿಕೆಯ ಗಂಟೆ ಹಾರಿ ಕದನಕ್ಕೆ ಬರುತ್ತಿದ್ದರು. ಇವರ ಬೆನ್ನ ಹಿಂದೆ ನೂರಾರು ಗಂಟೆಯ ಹಾರಾಟ, ಡೆಂಬ್ಲಿನ್ ಪಾಠ, ಎರಡು ಯುದ್ಧದ ಅನುಭವ ಇತ್ತು. ಬ್ರಿಟಿಷರು ದೂರದಿಂದಲೇ ಗುಂಡು ಬಿಡುತ್ತಿದ್ದರೆ ಇವರು ಡಿಕ್ಕಿ ಹೊಡೆಯುವಷ್ಟು ಹತ್ತಿರ ಹೋಗುತ್ತಿದ್ದರು.

ಈ ಪಡೆಯ ಬಾವುಟದ ಕಥೆ ಹೇಳದಿದ್ದರೆ ನನಗೆ ಸಮಾಧಾನ ಆಗಲ್ಲ. 1940ರಲ್ಲಿ, ದೇಶ ಶತ್ರುಗಳ ಕೈಯಲ್ಲಿದ್ದಾಗ, ವಿಲ್ನೋ ನಗರದಲ್ಲಿ (ಇಂದಿನ ಲಿಥುವೇನಿಯಾದ ವಿಲ್ನಿಯಸ್) ಕೆಲವರು ಗುಟ್ಟಾಗಿ ಬಾವುಟ ಹೊಲಿದರು. ಕಸೂತಿ ಮಾಡಿದವರಲ್ಲಿ ಕ್ರೈಸ್ತ ಸನ್ಯಾಸಿನಿಯರೂ ಇದ್ದರು. ಒಂದು ಬದಿಯಲ್ಲಿ ಆ ಊರಿನ ಮಾತೆ ಮೇರಿ, ಇನ್ನೊಂದರಲ್ಲಿ 'ಪ್ರೀತಿ ತ್ಯಾಗ ಕೇಳುತ್ತದೆ' ಅನ್ನುವ ಮಾತು. ಹೊಲಿದದ್ದಾಯಿತು, ಲಂಡನ್ನಿಗೆ ಕಳಿಸೋದು ಹೇಗೆ? ಜಪಾನಿ ರಾಜತಾಂತ್ರಿಕರ ಅಂಚೆಚೀಲದಲ್ಲಿ, ಬರ್ಲಿನ್ ದಾರಿಯಾಗಿ! ಅಂದರೆ ಹಿಟ್ಲರನ ರಾಜಧಾನಿಯ ಮೂಲಕವೇ ಸ್ವೀಡನ್ ಸೇರಿ, ಅಲ್ಲಿಂದ 1941ರಲ್ಲಿ ಲಂಡನ್ ತಲುಪಿತು. ಜುಲೈ 16ರಂದು ಸ್ವಿಂಡರ್ಬಿ ಅನ್ನುವ ಏರ್‌ಫೀಲ್ಡಿನಲ್ಲಿ ಪಡೆಗೆ ಒಪ್ಪಿಸಿದರು. ಅಲ್ಲಿಂದಾಚೆ ಅದು ಸ್ಕ್ವಾಡ್ರನ್ನಿನಿಂದ ಸ್ಕ್ವಾಡ್ರನ್ನಿಗೆ, ಪ್ರತಿಯೊಬ್ಬರ ಹತ್ತಿರ ಮೂರು ಮೂರು ತಿಂಗಳು ಸುತ್ತಿತು. ನಮ್ಮ ಕಡೆ ಊರ ದೇವರ ಅಡ್ಡೆ ಮನೆಮನೆಗೆ ಬರುತ್ತದಲ್ಲ, ನನಗೆ ಅದೇ ನೆನಪಾಯಿತು.

1944ಕ್ಕೆ ಬಂದರೆ ವಿಚಿತ್ರ ಕಾಣುತ್ತದೆ. ಒಂದೇ ಚೌಕಳಿ, ಎರಡು ವಾಯುಪಡೆ. ಇಟಲಿಯ ಬ್ರಿಂದಿಸಿಯಿಂದ 1586 ಫ್ಲೈಟ್ ಅನ್ನುವ ಪೋಲಿಶ್ ತುಕಡಿಯವರು ಲಿಬರೇಟರ್, ಹ್ಯಾಲಿಫ್ಯಾಕ್ಸ್ ಬಾಂಬರ್‌ಗಳಲ್ಲಿ, ಜರ್ಮನ್ನರ ಮೇಲೆ ದಂಗೆಯೆದ್ದ ವಾರ್ಸಾಗೆ ಮದ್ದುಗುಂಡು ಉದುರಿಸಲು ಹೋಗುತ್ತಿದ್ದರು. ಹೋಗಿ ಬರಲು ಹತ್ತು ಗಂಟೆ, ತುಂಬ ಜನ ಬರಲೇ ಇಲ್ಲ. ಅದೇ ಆಗಸ್ಟಿನಲ್ಲಿ, ವಾರ್ಸಾದ ದಕ್ಷಿಣಕ್ಕೆ, ಸೋವಿಯತ್ ನೆಲದಲ್ಲಿ ಕಟ್ಟಿದ ಪೋಲಿಶ್ ಫೈಟರ್ ರೆಜಿಮೆಂಟ್ 'ವಾರ್ಸಾ' ಯಾಕ್ ವಿಮಾನಗಳಲ್ಲಿ ತನ್ನ ಮೊದಲ ಯುದ್ಧ ಹಾರಾಟ ಮಾಡಿತು. ಗೆದ್ದ ಮೇಲೆ ದೇಶದಲ್ಲಿ ಉಳಿದದ್ದು ಈ ಎರಡನೆಯದು. 1946ರ ಲಂಡನ್ ವಿಜಯ ಮೆರವಣಿಗೆಗೆ ಕರೆ ಬಂದದ್ದು 25 ಪೋಲಿಶ್ ಪೈಲಟ್‌ಗಳಿಗೆ ಮಾತ್ರ. ನಮ್ಮ ಭೂಸೇನೆ, ನೌಕಾಪಡೆಯವರು ಇಲ್ಲದೆ ನಾವೂ ಬರಲ್ಲ ಅಂದರು. ಊರಿಗೆ ಮರಳಿದವರ ಗತಿ? ಅತಿ ಹೆಚ್ಚು ವಿಮಾನ ಉರುಳಿಸಿದ ಪೋಲಿಶ್ ಪೈಲಟ್ ಸ್ತಾನಿಸ್ವಾಫ್ ಸ್ಕಾಲ್ಸ್ಕಿ 1947ರಲ್ಲಿ ಮರಳಿದ. ಮರುವರ್ಷ ಅಲ್ಲಿನ ಕಮ್ಯುನಿಸ್ಟ್ ಸರ್ಕಾರದವರು ಬೇಹುಗಾರ ಅಂತ ಹಿಡಿದರು. ಮರಣದಂಡನೆ ವಿಧಿಸಿ, ಆಮೇಲೆ ಜೀವಾವಧಿಗೆ ಇಳಿಸಿದರು. ಬಿಡುಗಡೆಯಾದದ್ದು 1956ರಲ್ಲಿ. ಮರಳದವರು ಪ್ರಪಂಚದ ತುಂಬ ಚೆಲ್ಲಿಹೋದರು. ಅವರಲ್ಲಿ ಸುಮಾರು 30 ಜನ 1948ರಲ್ಲಿ ಪಾಕಿಸ್ತಾನದ ವಾಯುಪಡೆಗೆ ಸೇರಿದರು. ಅದರಲ್ಲೊಬ್ಬ, ವ್ವಾದಿಸ್ವಾಫ್ ತುರೋವಿಚ್, ಮುಂದೆ ಅಲ್ಲಿನ ಬಾಹ್ಯಾಕಾಶ ಸಂಸ್ಥೆಯ ಮುಖ್ಯಸ್ಥನೇ ಆದ.

ಕಮ್ಯುನಿಸ್ಟ್ ಕಾಲವನ್ನು ಬೇಗ ದಾಟುತ್ತೇನೆ. ಸೋವಿಯತ್ ಅಧಿಕಾರಿಗಳು, ಸೋವಿಯತ್ ರೆಜಿಮೆಂಟ್ ಮಾದರಿ, ಸೋವಿಯತ್ ವಿಮಾನ. ಮಿಗ್-15, ಮಿಗ್-17ಗಳನ್ನು ಮಿಯೆಲೆಟ್ಸ್ ಕಾರ್ಖಾನೆಯಲ್ಲಿ 'ಲಿಮ್' ಹೆಸರಲ್ಲಿ ಮಾಡಿದರು, ನಮ್ಮ ನಾಸಿಕ್‌ನಲ್ಲಿ ಮಿಗ್-21 ಮಾಡಿದ ಹಾಗೇ. ನಮ್ಮ ಇಸ್ಕ್ರಾ ಬಂದದ್ದೂ ಮಿಯೆಲೆಟ್ಸ್‌ನಿಂದಲೇ. ಆ ಕಾಲದ ಒಂದೇ ಒಂದು ದಿನ ಹೇಳುತ್ತೇನೆ: 1953ರ ಮಾರ್ಚ್ 5. ಸ್ಟಾಲಿನ್ ಸತ್ತ ದಿನ. ಅವತ್ತು ಬೆಳಗ್ಗೆ ಫ್ರಾಂಚಿಶೆಕ್ ಯಾರೆಟ್‌ಸ್ಕಿ ಅನ್ನುವ 21ರ ಪೈಲಟ್ ತನ್ನ ಮಿಗ್-15 ಅನ್ನು ಸಾಲಿನಿಂದ ತಪ್ಪಿಸಿ ಡೆನ್ಮಾರ್ಕಿನ ಬೋರ್ನ್‌ಹೋಮ್ ದ್ವೀಪಕ್ಕೆ ಇಳಿಸಿದ. ಪಶ್ಚಿಮದವರು ವಿಮಾನ ಬಿಚ್ಚಿ, ನೋಡಿ, ಜೋಡಿಸಿ ವಾಪಸ್ ಕೊಟ್ಟರು. ಪೈಲಟ್‌ನನ್ನು ಕೊಡಲಿಲ್ಲ. ರಚನೆಯ ಮಟ್ಟಿಗೆ ತಿಳಿಯಬೇಕಾದದ್ದು ಇಷ್ಟು: 1960ರ ದಶಕದಲ್ಲಿ ದೇಶ ಕಾಯುವ ಫೈಟರ್, ರಾಡಾರ್, ಕ್ಷಿಪಣಿಗಳನ್ನು ಒಂದು ಪ್ರತ್ಯೇಕ ಪಡೆ ಮಾಡಿದರು, ಭೂಸೇನೆಗೆ ನೆರವಾಗುವ ವಿಮಾನಗಳು ಇನ್ನೊಂದು ಕಡೆ. 1990ರಲ್ಲಿ ಎರಡನ್ನೂ ಮತ್ತೆ ಒಂದು ಮಾಡಿದರು. 'ವಾಯುಪಡೆ' ಅನ್ನುವ ಈಗಿನ ಸರಳ ಹೆಸರು 2004ರದು.

1999ರಲ್ಲಿ ನೇಟೊ ಸೇರಿದ ಮೇಲೆ ಸೋವಿಯತ್ ವಿಮಾನಗಳನ್ನು ಏಕಾಏಕಿ ಬಿಸಾಕೋಕೆ ಆಗಲಿಲ್ಲ. ಮಿಗ್-29ರ ವ್ಯಾಪಾರ ಕೇಳಿ. 12 ವಿಮಾನ ಸೋವಿಯತ್ ಒಕ್ಕೂಟದಿಂದ ದುಡ್ಡು ಕೊಟ್ಟು ತಂದವು. 10 ಚೆಕ್ ಗಣರಾಜ್ಯದಿಂದ, 11 ಹೆಲಿಕಾಪ್ಟರ್ ಕೊಟ್ಟು ವಿನಿಮಯ. 22 ಜರ್ಮನಿಯಿಂದ, ಒಂದಕ್ಕೆ ಒಂದು ಯೂರೋ! 1939ನ್ನು ನೆನೆಸಿಕೊಂಡರೆ ಯಾರಿಗಾದರೂ ನಗು ಬರುತ್ತದೆ. ಅಗ್ಗ ಅಂತ ಅನ್ನಿಸಬಹುದು, ಆದರೆ ಬಿಚ್ಚಿ ರಿಪೇರಿ ಮಾಡಿದ ಮೇಲೆ ಹಾರಿದವು 14 ಮಾತ್ರ. ಮಿಗ್‌ಗಳ ಜೊತೆ ಕೆಲಸ ಮಾಡಿದ ನನ್ನ ಗೆಳೆಯರಿಗೆ ಇದನ್ನು ಹೇಳಿದಾಗ ಯಾರೂ ಆಶ್ಚರ್ಯಪಡಲಿಲ್ಲ. ಮಿನ್ಸ್ಕ್ ಮಜೊವಿಯೆಟ್‌ಸ್ಕಿ ನೆಲೆಯ ಮಿಗ್-29ಗಳ ಬಾಲದ ಮೇಲೆ 303ರ ಪೈಲಟ್‌ಗಳ ಮುಖ, ಒಡಲಿನ ಮೇಲೆ ಅದೇ ರೈತ ಟೋಪಿ-ಕುಡುಗೋಲು ಬರೆಸಿದ್ದರು. ರಷ್ಯಾದ ವಿಮಾನ, ಅಮೆರಿಕನ್ ಚಿತ್ರ, ಪೋಲಿಶ್ ಚೌಕಳಿ. 2023ರಲ್ಲಿ ಹದಿನಾಲ್ಕರಷ್ಟು ಮಿಗ್‌ಗಳನ್ನು ಉಕ್ರೇನಿಗೆ ಕೊಟ್ಟರು.

ಈ ಪಡೆಯ ಎರಡು ದೊಡ್ಡ ಗಾಯಗಳು ಯುದ್ಧದಲ್ಲಿ ಆದವಲ್ಲ. 2008ರ ಜನವರಿ 23ರಂದು ಮಿರೊಸ್ವಾವಿಯೆಟ್ಸ್‌ನಲ್ಲಿ ಸಾಗಣೆ ವಿಮಾನವೊಂದು ಬಿದ್ದು 20 ಜನ ಸತ್ತರು, ಹೆಚ್ಚಿನವರು ವಾಯುಪಡೆಯ ಅಧಿಕಾರಿಗಳು. ಅವರು ಮರಳುತ್ತಿದ್ದದ್ದು ಹಾರಾಟದ ಸುರಕ್ಷತೆ ಬಗ್ಗೆ ನಡೆದ ಸಭೆಯಿಂದ. 2010ರ ಏಪ್ರಿಲ್ 10ರಂದು ಸ್ಮೊಲೆನ್ಸ್ಕ್ ಹತ್ತಿರ ಅಧ್ಯಕ್ಷರ ವಿಮಾನ ಬಿದ್ದು 96 ಜನ ಸತ್ತರು. ಅಧ್ಯಕ್ಷ ಲೆಖ್ ಕಾಚಿನ್ಸ್ಕಿ, ವಾಯುಪಡೆಯ ಮುಖ್ಯಸ್ಥ ಆಂಜೆಯ್ ಬ್ವಾಶಿಕ್ ಇಬ್ಬರೂ ಅದರಲ್ಲಿದ್ದರು. ಗಣ್ಯರನ್ನು ಹಾರಿಸುತ್ತಿದ್ದ ರೆಜಿಮೆಂಟನ್ನು ಮರುವರ್ಷ ಮುಚ್ಚಿದರು.

ಈಗಿನ ರಚನೆ ಅಮೆರಿಕನ್ನರ ಥರ, ವಿಂಗ್‌ಗಳಲ್ಲಿ. ನಾಲ್ಕು ವಿಂಗ್. ಮೊದಲನೆಯದರ ಕೇಂದ್ರ ಶ್ವಿದ್ವಿನ್, ಅದರ ಕೆಳಗೆ ಮಾಲ್ಬೋರ್ಕ್, ಮಿನ್ಸ್ಕ್ ಮಜೊವಿಯೆಟ್‌ಸ್ಕಿ ನೆಲೆಗಳು. ಎರಡನೆಯದು ಎಫ್-16ಗಳದ್ದು, ಪೋಜ್ನಾನ್ ಹತ್ತಿರದ ಕ್ಷೆಶಿನಿ ಮತ್ತು ವಾಸ್ಕ್. ಮೂರನೆಯದು ಪೋವಿಡ್ಜ್‌ನ ಸಾಗಣೆ ವಿಂಗ್. ನಾಲ್ಕನೆಯದು ತರಬೇತಿ, ಮತ್ತೆ ಡೆಂಬ್ಲಿನ್! ನೌಕಾಪಡೆಗೂ ಭೂಸೇನೆಗೂ ತಮ್ಮ ತಮ್ಮ ವಿಮಾನ, ಹೆಲಿಕಾಪ್ಟರ್ ಬ್ರಿಗೇಡ್‌ಗಳು ಬೇರೆ ಇವೆ. 2014ರಿಂದ ವಾಯುಪಡೆಗೆ ಪ್ರತ್ಯೇಕ ಕಮಾಂಡ್ ಇಲ್ಲ, ಮೂರೂ ಸೇನೆಗಳು ಒಂದೇ ಜನರಲ್ ಕಮಾಂಡ್ ಅಡಿ. ಒಳ್ಳೆಯದೋ ಕೆಟ್ಟದ್ದೋ ಅಂತ ಅಲ್ಲೇ ವಾದ ಮುಗಿದಿಲ್ಲ.

ವಿಮಾನಗಳಲ್ಲಿ ಬೆನ್ನೆಲುಬು 48 ಎಫ್-16. 2003ರಲ್ಲಿ ಒಪ್ಪಂದ, 2006ರ ನವೆಂಬರಿನಲ್ಲಿ ಮೊದಲನೆಯದು ಇಳಿಯಿತು. ಮೂರು ಸ್ಕ್ವಾಡ್ರನ್, ತಲಾ 16ರ ಲೆಕ್ಕ. ಅದಕ್ಕೆ ಅವರಿಟ್ಟ ಹೆಸರು ಯಾಸ್ಟ್‌ಶೊಂಪ್. ಹೌದು, 1939ರಲ್ಲಿ ಹೊತ್ತಿಗೆ ಬಾರದೆ ಹೋದ ಅದೇ ಗಿಡುಗ. 2020ರಲ್ಲಿ 32 ಎಫ್-35ಕ್ಕೆ, 2022ರಲ್ಲಿ ಕೊರಿಯಾದ 48 ಎಫ್‌ಎ-50ಕ್ಕೆ ಸಹಿ ಹಾಕಿದರು. ಎಫ್-35ರ ಹೆಸರು ಹುಸಾಶ್, ಹಳೆಯ ಕಾಲದ ರೆಕ್ಕೆ ಕಟ್ಟಿದ ಕುದುರೆ ಸವಾರ.

ಕ್ರಾಕುಫ್‌ಗೆ ಹೋಗುವ ಅವಕಾಶ ಸಿಕ್ಕರೆ ರಾಕೊವಿಟ್ಸೆಯ ಹಳೆಯ ಏರ್‌ಫೀಲ್ಡಿನಲ್ಲಿರುವ ವಿಮಾನ ಮ್ಯೂಸಿಯಂ ನೋಡಿ. 1939ರ ಸೆಪ್ಟೆಂಬರ್ 1ರಂದು ಬಾಂಬು ಬಿದ್ದ ಅದೇ ಜಾಗ. ಪ್ರಪಂಚದಲ್ಲಿ ಉಳಿದಿರುವ ಒಂದೇ ಒಂದು ಪಿ-11 ಅಲ್ಲಿದೆ. ಜರ್ಮನ್ನರು ಅದನ್ನು ಗೆದ್ದ ವಸ್ತು ಅಂತ ಬರ್ಲಿನ್ನಿಗೆ ಒಯ್ದು ಪ್ರದರ್ಶನಕ್ಕಿಟ್ಟಿದ್ದರಿಂದಲೇ ಉಳಿಯಿತು.

ಇನ್ನು, ನಿಮ್ಮಂಥವರಿಗೆ ಉಪಯೋಗಕ್ಕೆ ಬರುವ ಒಂದು ಸಣ್ಣ ಕಿವಿಮಾತು. ಇಂಟರ್ನೆಟ್ಟಿನಲ್ಲಿ ಪೋಲಿಶ್ ವಿಮಾನದ ಫೋಟೊ ಸಿಕ್ಕಿ, ಯಾವ ಕಾಲದ್ದು ಅಂತ ಗೊತ್ತಾಗದಿದ್ದರೆ ಚೌಕಳಿಯ ಎಡಗಡೆಯ ಮೇಲಿನ ಮನೆ ನೋಡಿ. ಕೆಂಪಿದ್ದರೆ 1993ಕ್ಕಿಂತ ಹಳೆಯದು. ಬಿಳಿ ಇದ್ದರೆ ಆಮೇಲಿನದು. ಲಾಂಛನಶಾಸ್ತ್ರದ ನಿಯಮಕ್ಕೆ ಸರಿಹೊಂದಲಿ ಅಂತ ಆ ವರ್ಷದ ಕೊನೆಯಲ್ಲಿ ಬಣ್ಣ ಅದಲುಬದಲು ಮಾಡಿದರು. ಹೊಸದಾಗಿ ಬಣ್ಣ ಹೊಡೆದ ಮ್ಯೂಸಿಯಂ ವಿಮಾನಗಳಲ್ಲಿ ಮಾತ್ರ ಇದನ್ನು ನಂಬಬೇಡಿ. ಬಣ್ಣ ಹೊಡೆಯುವವರು ಕೆಲವು ಸಲ ಅವಸರದಲ್ಲಿರುತ್ತಾರೆ.